ಎರಡು ಕೀಲಿಯ ಹಾರ್ಡ್ ಡಿಸ್ಕ್

ಕಂಪ್ಯೂಟರು ಕಟಕಟ ಎನ್ನಲು ಶುರುಮಾಡಿದ್ದು ಅಮ್ಮನಿಗೆ ಕಂಪನಿಯಿಂದ ಕರೆ ಬಂದ ವಾರದಲ್ಲೇ. ಅಮ್ಮ ಮೊದಲು ಅದನ್ನು ಯಾರಿಗೂ ಹೇಳಲಿಲ್ಲ. ಹಲ್ಲುನೋವು ಬಂದ ಮಗುವನ್ನು ಸುಮ್ಮನೆ ಮಲಗಿಸಿ ನೋಡುವ ಹಾಗೆ ಒಂದೆರಡು ದಿನ ಅದನ್ನು ಆರಿಸಿಟ್ಟಳು. ಮತ್ತೆ ಹಾಕಿದಾಗ ಸದ್ದು ಜೋರಾಗಿತ್ತು. ಆಗ ನನ್ನನ್ನು ಕರೆದು, "ಸ್ವಲ್ಪ ಕಿವಿಗೊಟ್ಟು ಕೇಳು, ಇದು ಒಳಗೆ ಏನನ್ನೋ ಅಗೀತಾ ಇದೆ" ಎಂದಳು.

ಅಮ್ಮನ ಕೆಲಸ ಕಸೂತಿಯ ಡಿಸೈನು ಬರೆಯುವುದು. ಕೈಯಲ್ಲಿ ಸೂಜಿ ಹಿಡಿದಲ್ಲ, ಕಂಪ್ಯೂಟರಿನಲ್ಲಿ. ಹೊಲಿಗೆ ಎಲ್ಲಿಂದ ಹೊರಡಬೇಕು, ಎಲೆಯ ತುದಿಯಲ್ಲಿ ಹೇಗೆ ತಿರುಗಬೇಕು, ದಾರ ಎಲ್ಲಿ ಕಡಿಯಬೇಕು ಎಂದು ಪರದೆಯ ಮೇಲೆ ಒಂದೊಂದಾಗಿ ಎಳೆದು ಫೈಲು ಮಾಡಿಟ್ಟರೆ, ಬಟ್ಟೆ ಅಂಗಡಿಯವರ ದೊಡ್ಡ ಯಂತ್ರ ಅದನ್ನು ಓದಿಕೊಂಡು ಹೊಲಿಯುತ್ತದೆ. ನಾನು ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದ ಕಾಲದಲ್ಲಿ ಅಮ್ಮ ಇದನ್ನು ಕಲಿತಳು. ಈಗ ನನ್ನ ಡಿಗ್ರಿ ಮುಗಿದಿದೆ. ನಡುವಿನ ವರ್ಷಗಳಲ್ಲಿ ಅವಳು ಬರೆದದ್ದೆಲ್ಲ, ಹೂವು, ಬಳ್ಳಿ, ಅಂಚು, ಮೂಲೆ, ಈ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು.

ಕರೆ ಮಾಡಿದ್ದು ದೊಡ್ಡ ಉಡುಪು ಕಂಪನಿಯೊಂದರ ಡಿಸೈನ್ ವಿಭಾಗದ ಮೇಡಂ. ಯಾವುದೋ ಅಂಗಡಿಯಲ್ಲಿ ಅಮ್ಮನ ಕೆಲಸ ನೋಡಿ ಯಾರದೆಂದು ವಿಚಾರಿಸಿದ್ದರಂತೆ. ಹೊಸ ವರ್ಷದ ಕೆಲಸಕ್ಕೆ ಜನ ತಗೋತೀವಿ, ನೀವು ಮಾಡಿದ್ದೆಲ್ಲವನ್ನೂ ಫೈಲುಗಳ ಸಮೇತ ತಂದು ತೋರಿಸಿ, ಹಿಡಿಸಿದರೆ ನಿಮಗೊಂದು ಮೇಜು, ಕುರ್ಚಿ, ಹುದ್ದೆ ಎಂದಿದ್ದರು. ಅಮ್ಮ ಫೋನಿಟ್ಟ ಮೇಲೆ ಕುರ್ಚಿ ಎನ್ನುವ ಮಾತನ್ನೇ ಮತ್ತೆ ಮತ್ತೆ ಹೇಳಿದಳು. ಮನೆಯಲ್ಲಿ ಅವಳು ಕೂರುತ್ತಿದ್ದದ್ದು ಬಟ್ಟೆಯ ಮೂಟೆ ಹಾಕಿ ಎತ್ತರಿಸಿದ ಒಂದು ಮೊಣಕಾಲುದ್ದದ ಸ್ಟೂಲಿನ ಮೇಲೆ.

"ಫೈಲೆಲ್ಲ ಹೊರಗೆ ಎಲ್ಲಾದ್ರೂ ಒಂದು ಕಾಪಿ ಇಟ್ಟುಬಿಡೋಣಮ್ಮ" ಎಂದೆ ನಾನು. "ಹಾರ್ಡ್ ಡಿಸ್ಕ್ ತಗೊಳೋಣ. ಸಾಧ್ಯವಾದ್ರೆ ಎರಡು."

ಪೇಪರಿನ ಹಿಂದಿನಿಂದ ಅಪ್ಪ, "ಹಾರ್ಡ್ ಡಿಸ್ಕ್ ತಗೊಳೋದು ನನಗೆ ಬಿಡಿ. ಬೆಲೆಬಾಳೋದನ್ನ ಇಡೋ ವಿಷಯ ನಿಮ್ಮಿಬ್ಬರಿಗೆ ಗೊತ್ತಾಗೋದಿಲ್ಲ" ಎಂದರು.

ಅಪ್ಪ ಬ್ಯಾಂಕಿನ ಭದ್ರಕೋಣೆಯ ಕೀಲಿ ಇಟ್ಟುಕೊಂಡಿದ್ದವರು. ಭದ್ರಕೋಣೆಯ ಬಾಗಿಲಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ನಂಬರಿನ ಬೀಗಕ್ಕೂ ಹಾಗೆಯೇ, ಅರ್ಧ ನಂಬರು ಒಬ್ಬರಿಗೆ, ಉಳಿದರ್ಧ ಇನ್ನೊಬ್ಬರಿಗೆ. ಒಬ್ಬರು ತಿರುಗಿಸುವಾಗ ಮತ್ತೊಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅಪ್ಪನ ಜೊತೆಗೆ ಬಹುಕಾಲ ಹೀಗೆ ನಿಂತಿದ್ದ ಗೆಳೆಯರೊಬ್ಬರನ್ನು ನಮ್ಮ ಮನೆಯಲ್ಲಿ 'ಇನ್ನೊಂದು ಕೀಲಿ' ಎಂದೇ ಕರೆಯುತ್ತಿದ್ದೆವು. ಅವರು ತೀರಿಕೊಂಡ ದಿನ ಅಪ್ಪ, "ಅವನ ನಂಬರು ನನಗೆ ಕೊನೆವರೆಗೂ ಗೊತ್ತಾಗಲಿಲ್ಲ. ಗೆಳೆತನ ಅಂದ್ರೆ ಅದು" ಎಂದಿದ್ದರು. ಅಮ್ಮ ಅಡುಗೆಮನೆಯಿಂದಲೇ, "ಅವರಿಗೆ ಎಷ್ಟು ಮಕ್ಕಳು ಅಂತಾದ್ರೂ ಗೊತ್ತಾಯ್ತಾ?" ಎಂದು ಕೇಳಿದಳು. ಅಪ್ಪನಿಗೆ ಅದೂ ಗೊತ್ತಿರಲಿಲ್ಲ.

ಕಂಪ್ಯೂಟರಿನ ಅಂಗಡಿಗೆ ಮೂವರೂ ಹೋದೆವು. ಇಕ್ಕಟ್ಟಾದ ಅಂಗಡಿ. ಗಾಜಿನ ಕಪಾಟಿನೊಳಗೆ ಹಾರ್ಡ್ ಡಿಸ್ಕುಗಳನ್ನು ಸೋಪಿನ ಹಾಗೆ ಜೋಡಿಸಿದ್ದರು. ಅಂಗಡಿಯವನು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದ.

"ಏನು ಇಡೋಕೆ ಸಾರ್? ಫೋಟೋನಾ, ಸಿನಿಮಾನಾ?"

"ಕೆಲಸದ ಫೈಲು" ಎಂದಳು ಅಮ್ಮ.

"ಹಾಗಾದ್ರೆ ಇದು ನೋಡಿ ಅಕ್ಕ." ಅವನು ಕರಿಯ ಡಬ್ಬಿಯೊಂದನ್ನು ತೆಗೆದ. "ಒಳಗೆ ತಟ್ಟೆ ತಿರುಗುತ್ತೆ. ಬೇಕಾದಷ್ಟು ಜಾಗ. ಒಂದೇ ಒಂದು, ಕೆಳಗೆ ಬೀಳಿಸಬಾರದು. ಬಿದ್ದರೆ ಕಥೆ ಮುಗೀತು."

"ಬೀಳದೇ ಇರೋದು ಇಲ್ವಾ?"

"ಬೀಳದೇ ಇರೋದು ನಾನೂ ಮಾರಲ್ಲ, ಯಾರೂ ಮಾರಲ್ಲ. ಬಿದ್ದರೂ ಬದುಕೋದು ಇದೆ." ಇನ್ನೊಂದು ತೆಗೆದ. ಬಿಸ್ಕತ್ತಿನಷ್ಟು ಚಿಕ್ಕದು. "ಇದರಲ್ಲಿ ತಿರುಗೋದೇನೂ ಇಲ್ಲ. ಎಲ್ಲಾ ಚಿಪ್. ಜಾಗ ಕಮ್ಮಿ, ಬೆಲೆ ಜಾಸ್ತಿ."

ನಾನು ಮನೆಯಲ್ಲಿ ಓದಿಕೊಂಡು ಬಂದಿದ್ದೆ. ಅಮ್ಮನ ಒಂದೊಂದು ಡಿಸೈನು ಒಂದು ಫೋಟೋಗಿಂತ ಹಗುರ, ಎಲ್ಲವೂ ಸೇರಿದರೂ ಆ ಚಿಕ್ಕದರ ಒಂದು ಮೂಲೆಯೂ ತುಂಬುವುದಿಲ್ಲ. ಅಪರಿಚಿತರ ಎದುರು ಮಾತಾಡುವವಳಲ್ಲ ನಾನು, ಆದರೂ ಹೇಳಿದೆ. "ಈ ಚಿಕ್ಕದರಲ್ಲೇ ಎರಡು ತಗೊಳೋಣ. ಒಂದು ಮನೇಲಿ, ಒಂದು ದೊಡ್ಡಮ್ಮನ ಮನೇಲಿ. ಜಾಗ ನಮಗೆ ಬೇಡ, ಎರಡು ಇರೋದು ಮುಖ್ಯ."

"ತಂಗಿ ಹೇಳಿದ್ದು ಸರಿ" ಎಂದ ಅಂಗಡಿಯವನು.

ಅಪ್ಪ ಅವನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಕಪಾಟಿನ ಕೆಳಗಿನ ಸಾಲಿಗೆ ಬಗ್ಗಿದ್ದರು. "ಅದೇನದು, ಗುಂಡಿ ಇರೋದು?"

ಅದರ ಮೈಮೇಲೆ ಫೋನಿನ ಹಾಗೆ ಅಂಕಿಗಳ ಗುಂಡಿಗಳಿದ್ದವು. ಅಂಗಡಿಯವನು ಅದನ್ನು ಹೊರತೆಗೆದು ಧೂಳು ಊದಿದ. "ಇದು ನಂಬರ್ ಬೀಗದ್ದು ಸಾರ್. ನಂಬರು ಒತ್ತಿದರೇನೇ ಕಂಪ್ಯೂಟರಿಗೆ ಕಾಣಿಸೋದು. ಹತ್ತು ಸಲ ತಪ್ಪು ಒತ್ತಿದರೆ ಒಳಗಿರೋದನ್ನೆಲ್ಲ ತಾನೇ ಅಳಿಸಿಕೊಂಡುಬಿಡುತ್ತೆ. ಕಳ್ಳನಿಗೂ ಸಿಗಲ್ಲ."

"ಅಳಿಸಿಕೊಂಡ ಮೇಲೆ ವಾಪಸ್ ತರೋ ದಾರಿ?"

"ಇಲ್ಲ ಸಾರ್. ತಯಾರು ಮಾಡಿದವರಿಗೂ ಆಗಲ್ಲ."

ಇದನ್ನು ಕೇಳಿದ ಅಪ್ಪನ ಮುಖದಲ್ಲಿ ನಾನು ಬಹಳ ದಿನದಿಂದ ಕಾಣದ ಕಳೆ ಬಂತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ನಿಂತಾಗಲೂ ಅವರು ಇಷ್ಟು ಗೆಲುವಾಗಿರಲಿಲ್ಲ.

"ನಂಬರು ಎಷ್ಟು ಉದ್ದ ಇಡಬಹುದು?"

"ಎಂಟಂಕಿ ಇಡಿ ಸಾರ್."

"ನಾಲ್ಕು, ನಾಲ್ಕು" ಎಂದು ಅಪ್ಪ ತಮ್ಮಷ್ಟಕ್ಕೇ ಹೇಳಿಕೊಂಡರು.

ನನಗೆ ಅರ್ಥವಾಯಿತು. "ಅಪ್ಪ, ಬೇಡ" ಎಂದೆ. "ಬ್ಯಾಂಕಿನಲ್ಲಾದ್ರೆ ನಕಲು ಕೀಲಿಗಳನ್ನ ಕವರಿನಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ಇನ್ನೊಂದು ಶಾಖೆಯಲ್ಲಿ ಇಡ್ತಿದ್ದೆವು ಅಂತ ನೀವೇ ಹೇಳ್ತಿದ್ರಿ. ನಮ್ಮನೇಲಿ ಏನು ಮಾಡ್ತೀರಿ?"

"ನಮಗೆ ಇನ್ನೊಂದು ಶಾಖೆ ಎಲ್ಲಿದೆ?"

"ನಾನಿದ್ದೀನಲ್ಲ."

ಅಪ್ಪ ನಕ್ಕರು. ಸಿಟ್ಟಿನ ನಗುವಲ್ಲ, ಮಗು ತೊದಲಿದಾಗ ನಗುವ ನಗು. "ನೀನು ನಾಳೆ ಇನ್ನೊಬ್ಬರ ಮನೆಗೆ ಹೋಗೋಳು. ನಿನ್ನ ಕೈಲಿ ಹೇಗಮ್ಮಾ ಕೊಡೋದು?"

ನಾನು ಅಮ್ಮನ ಮುಖ ನೋಡಿದೆ. ಅವಳು ಬೇಡ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಮ್ಮನಿಗೂ ಒಂದು ಹಳೆಯ ಗಾಯವಿತ್ತು. ಜೇನುಬಾಯಿ ಎಂದು ನಾವು ಹೆಸರಿಟ್ಟ ಏಜೆಂಟನೊಬ್ಬ, "ನೋಡಿ ಕೊಡ್ತೀನಿ ಅಕ್ಕ" ಎಂದು ಅವಳ ಪೆನ್‌ಡ್ರೈವ್ ಒಯ್ದಿದ್ದ. ಕೆಲವು ತಿಂಗಳಾದ ಮೇಲೆ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಹೆಗಲ ಮೇಲೆ ಅಮ್ಮ ತಾನು ಬರೆದು ಯಾರಿಗೂ ಮಾರದ ಎಲೆಯನ್ನು ಕಂಡಿದ್ದಳು. ನಿಲ್ದಾಣ ಬಂದರೂ ಇಳಿಯದೆ ಆ ಎಲೆಯನ್ನೇ ನೋಡುತ್ತ ಊರ ಕೊನೆಯವರೆಗೂ ಹೋಗಿದ್ದಳು.

"ಬೀಗ ಇರೋದೇ ಇರಲಿ ಬಿಡು, ಪುಟ್ಟಿ" ಎಂದಳು ಅಮ್ಮ.

ಅಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಇದನ್ನ ಯಾರಾದ್ರೂ ಸುತ್ತಿಗೆ ತಗೊಂಡು ಹೊಡೆದರೆ?"

"ಒಡೆದುಹೋಗುತ್ತೆ ಸಾರ್" ಎಂದ ಅಂಗಡಿಯವನು.

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಸಮಾರಂಭ ಎನ್ನಬೇಕು. ಅಪ್ಪ ಅಂಗಿ ಬದಲಾಯಿಸಿಕೊಂಡು ಬಂದರು. ಹಾರ್ಡ್ ಡಿಸ್ಕನ್ನು ಮೇಜಿನ ನಡುವೆ ಇಟ್ಟರು. ಮೊದಲ ನಾಲ್ಕು ಅಂಕಿ ಅಮ್ಮನದು, ಕೊನೆಯ ನಾಲ್ಕು ತಮ್ಮದು. ಅಮ್ಮ ಒತ್ತುವಾಗ ಅಪ್ಪ ಗೋಡೆಯ ಕಡೆ ತಿರುಗಿ ಬೆನ್ನ ಹಿಂದೆ ಕೈಕಟ್ಟಿ ನಿಂತರು. ನನ್ನನ್ನೂ ಗೋಡೆಗೆ ತಿರುಗಿಸಿದರು. ಆಮೇಲೆ ನಮ್ಮಿಬ್ಬರನ್ನೂ ಅಡುಗೆಮನೆಗೆ ಕಳಿಸಿ ತಮ್ಮದನ್ನು ಒತ್ತಿದರು. ಒಲೆಯ ಪಕ್ಕದಲ್ಲಿ ನಿಂತು ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. "ಮದುವೆಯಾಗಿ ಇಷ್ಟು ವರ್ಷಕ್ಕೆ ನಿಮ್ಮಪ್ಪ ನನ್ನನ್ನ ಜೊತೆ ಕೆಲಸದವಳು ಅಂತ ಒಪ್ಪಿಕೊಂಡರು ನೋಡು" ಎಂದು ಪಿಸುಗುಟ್ಟಿದಳು. ಫೈಲುಗಳೆಲ್ಲ ನಕಲಾದವು. ಕಂಪ್ಯೂಟರು ಕಟಕಟ ಎನ್ನುತ್ತಲೇ ಎಲ್ಲವನ್ನೂ ಬಿಟ್ಟುಕೊಟ್ಟಿತು.

ನನಗೆ ಸಮಾಧಾನವಿರಲಿಲ್ಲ. ಅಮ್ಮನಿಗೆ ಹೇಳಿ, ಅವಳ ಒಪ್ಪಿಗೆ ಪಡೆದು, ನನ್ನ ಪೆನ್‌ಡ್ರೈವಿನಲ್ಲಿ ಎಲ್ಲವನ್ನೂ ಇನ್ನೊಮ್ಮೆ ನಕಲು ಮಾಡಿ ಬಟ್ಟೆಗಳ ನಡುವೆ ಇಟ್ಟೆ. ಅಪ್ಪನಿಗೆ ಅದು ಸಿಕ್ಕಿತು. ಹೇಗೆಂದು ಕೇಳಲಿಲ್ಲ, ಇಡೀ ಜೀವಮಾನ ಸಂಜೆಯ ಹೊತ್ತು ಎಲ್ಲ ಖಾನೆಗಳನ್ನೂ ತಡವಿ ನೋಡಿಯೇ ಮನೆಗೆ ಹೊರಟವರಿಗೆ ನನ್ನ ಕಪಾಟು ಯಾವ ಲೆಕ್ಕ. ಅದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಬಂದು ನನ್ನ ಕೈಯಿಂದಲೇ ಕಂಪ್ಯೂಟರಿಗೆ ಹಾಕಿಸಿ ಎಲ್ಲವನ್ನೂ ತೆಗೆಸಿಹಾಕಿದರು.

"ಇಬ್ಬರ ಕೈಲಿ ಇರಬೇಕಾದ್ದು ಒಬ್ಬರ ಕೈಲಿ ಇದ್ದರೆ ಅದಕ್ಕೆ ಬೀಗ ಯಾಕೆ ಬೇಕು? ಕಿಟಕಿ ತೆಗೆದಿಟ್ಟು ಬಾಗಿಲಿಗೆ ಚಿಲಕ ಹಾಕಿದ ಹಾಗೆ."

"ಅದು ಅಮ್ಮನ ಕೆಲಸ ಅಪ್ಪ. ಅಮ್ಮನೇ ಒಪ್ಪಿದ್ದಾಳೆ."

"ಅವಳು ಅರ್ಧಕ್ಕೆ ಒಪ್ಪಬಹುದು. ಇನ್ನರ್ಧ ನಂದು."

ಅಮ್ಮ ಸ್ಟೂಲಿನ ಮೇಲೆ ಕೂತಿದ್ದವಳು ಹಿಂತಿರುಗಿ, "ಅರ್ಧ ಯಾವಾಗ ಬರೆದಿರಿ ನೀವು?" ಎಂದು ಕೇಳಿದಳು. ಅಪ್ಪ ಅದನ್ನು ನಂಬರಿನ ಬಗ್ಗೆ ಕೇಳಿದ್ದೆಂದುಕೊಂಡು, "ಅದೆಲ್ಲ ಹೇಳಬಾರದು" ಎಂದರು.

ಈ ಪೆನ್‌ಡ್ರೈವಿನ ಗಲಾಟೆಯಿಂದಾಗಿ ಅಪ್ಪನಿಗೆ ಬೀಗದ ಮೇಲೇ ಅನುಮಾನ ಬಂತು. ಭದ್ರತೆಗೆ ಧಕ್ಕೆ ಬಂದಾಗ ನಂಬರು ಬದಲಾಯಿಸಬೇಕಂತೆ, ನಿಯಮ. ಮತ್ತೆ ಮೇಜು, ಮತ್ತೆ ಗೋಡೆ, ಮತ್ತೆ ಅಡುಗೆಮನೆ. ಅಮ್ಮ ಅವತ್ತು ಒಂದು ಅಂಚಿನ ಕೆಲಸದಲ್ಲಿ ಮುಳುಗಿದ್ದಳು. ಬೇಗ ಬೇಗ ತನ್ನ ಗುಂಡಿಗಳನ್ನು ಒತ್ತಿ ಎದ್ದು ಹೋದಳು.

ಕಂಪನಿಯವರು ಬರಹೇಳಿದ ದಿನಕ್ಕೆ ಇನ್ನೂ ಸಮಯವಿರುವಾಗಲೇ ಕಂಪ್ಯೂಟರು ಸತ್ತಿತು. ಬೆಳಿಗ್ಗೆ ಹಾಕಿದರೆ ಸದ್ದೇ ಇಲ್ಲ. ಕಟಕಟ ಕೂಡ ಇಲ್ಲ. ಅಂಗಡಿಯವನು ಬಂದು ಒಳಗಿನ ಡಿಸ್ಕನ್ನು ಒಯ್ದು, ಸಂಜೆಗೆ ಫೋನು ಮಾಡಿ, "ತಟ್ಟೆ ಪೂರ್ತಿ ಗೀರು ಬಿದ್ದಿದೆ ಅಕ್ಕ, ಒಂದಕ್ಷರ ಸಿಗಲ್ಲ. ನಿಮ್ಮ ಹತ್ರ ಬೀಗದ್ದು ಇದೆಯಲ್ಲ, ಅದೇ ಸಾಕು" ಎಂದ. ಅಮ್ಮ ಗಾಬರಿಯಾಗಲಿಲ್ಲ. "ನೋಡು, ತಗೊಂಡಿದ್ದು ಒಳ್ಳೇದೇ ಆಯ್ತು" ಎಂದು ಅಪ್ಪನಿಗೆ ಕೇಳುವಂತೆ ನನಗೆ ಹೇಳಿದಳು. ಅಪ್ಪ ಹೂಂ ಎನ್ನುವಷ್ಟು ತಲೆಯಾಡಿಸಿದರು. ದೊಡ್ಡಮ್ಮನ ಮನೆಯಿಂದ ಲ್ಯಾಪ್‌ಟಾಪು ತಂದೆವು.

ಅಮ್ಮ ತನ್ನ ಅರ್ಧ ಒತ್ತಿದಳು. ಅಡುಗೆಮನೆಗೆ ಹೋದೆವು. ಅಪ್ಪ ಒತ್ತಿದರು. ನಾವು ಬರುವಾಗ ಕೆಂಪು ದೀಪ ಮಿಟುಕುತ್ತಿತ್ತು.

"ಗುಂಡಿ ಸರಿಯಾಗಿ ಕೂತಿಲ್ಲ" ಎಂದರು ಅಪ್ಪ. "ಇನ್ನೊಂದ್ಸಲ."

ಮತ್ತೆ ಕೆಂಪು. ಮತ್ತೊಮ್ಮೆ ಮಾಡಿದಾಗಲೂ ಕೆಂಪು.

"ನೀನು ಏನೋ ತಪ್ಪು ಒತ್ತುತ್ತಿದ್ದೀಯ."

"ನಾನು ಸರಿಯಾಗೇ ಒತ್ತುತ್ತಿದ್ದೀನಿ ರೀ."

"ಹೋದ ಸಲ ಬದಲಾಯಿಸಿದಾಗ ನೀನು ಹೊಸದು ಇಟ್ಟೆ. ಈಗ ಹಳೇದು ಒತ್ತುತ್ತಾ ಇರಬೇಕು."

"ನಾನು ಹೊಸದು ಇಡಲೇ ಇಲ್ಲ."

ಅಪ್ಪ ತಿರುಗಿ ನಿಂತರು. "ಇಡಲಿಲ್ಲ ಅಂದ್ರೆ?"

"ನನಗೆ ಅಷ್ಟೆಲ್ಲ ನೆನಪಿಟ್ಟುಕೊಳ್ಳೋಕೆ ಪುರುಸೊತ್ತಿಲ್ಲ. ಮೊದಲನೇ ದಿನದಿಂದ ಅದೇ ನಂಬರು. ಎರಡು, ನಾಲ್ಕು, ಆರು, ಎಂಟು."

ಕೋಣೆಯಲ್ಲಿ ಯಾರೋ ಬಟ್ಟೆ ಬಿಚ್ಚಿ ನಿಂತ ಹಾಗೆ ಅಪ್ಪ ಮುಖ ಪಕ್ಕಕ್ಕೆ ತಿರುಗಿಸಿದರು. "ಹಾಗೆಲ್ಲ ಬಾಯಿ ಬಿಟ್ಟು ಹೇಳ್ತಾರಾ? ಮಗಳ ಎದುರು?"

"ಎರಡು ನಾಲ್ಕು ಆರು ಎಂಟು ಅನ್ನೋದು ಕೆಟ್ಟ ಮಾತೇನಲ್ಲ."

ನನಗೆ ನಗು ಬಂತು, ಆದರೆ ಅದು ಪೂರ್ತಿ ಬರುವ ಮೊದಲೇ ನಿಂತುಹೋಯಿತು. ಅಮ್ಮನ ಅರ್ಧ ಸರಿಯಿದ್ದರೆ ತಪ್ಪು ಎಲ್ಲಿದೆ ಎಂದು ಮೂವರಿಗೂ ಒಟ್ಟಿಗೇ ಗೊತ್ತಾಗಿತ್ತು. ಅಮ್ಮ ಅದನ್ನು ಹೇಳಲಿಲ್ಲ. "ಸ್ವಲ್ಪ ಕೂತು ಯೋಚನೆ ಮಾಡಿ" ಎಂದಷ್ಟೇ ಹೇಳಿ ಅಪ್ಪನಿಗೆ ಟೀ ತಂದುಕೊಟ್ಟಳು.

ಅಪ್ಪ ಯೋಚಿಸಲಿಲ್ಲ. ಅವರು ಒತ್ತಿದರು. ನಾವು ಅಡುಗೆಮನೆಗೂ ಅಲ್ಲಿಂದ ಹೊರಗೂ ಓಡಾಡಿದೆವು, ಪ್ರತಿಸಲವೂ ಕೆಂಪು. ಅವರು ಬೇರೆ ಬೇರೆ ನಂಬರು ಒತ್ತುತ್ತಿದ್ದಾರೋ, ಒಂದನ್ನೇ ಮತ್ತೆ ಮತ್ತೆ ಒತ್ತುತ್ತಿದ್ದಾರೋ, ಅದೂ ನಮಗೆ ತಿಳಿಯದು.

"ಅಪ್ಪ, ನನಗೆ ಹೇಳಿ" ಎಂದೆ. "ಕಿವೀಲಿ ಹೇಳಿ. ಯಾವುದನ್ನ ಒತ್ತಿ ಆಯ್ತು ಅಂತ ಗೊತ್ತಾದ್ರೆ, ಉಳಿದಿದ್ದು ಏನಿರಬಹುದು ಅಂತ ಯೋಚಿಸಬಹುದು. ನಿಮ್ಮ ಹುಟ್ಟಿದ ದಿನವಾ? ಕೆಲಸಕ್ಕೆ ಸೇರಿದ ದಿನವಾ? ಬ್ಯಾಂಕಿನ ನಂಬರಾ?"

"ಅಂಥದ್ದೆಲ್ಲ ಇಡೋನಲ್ಲ ನಾನು. ಅದು ಹೇಳೋ ವಿಷಯ ಅಲ್ಲ."

"ಎದುರಿಗೆ ಯಾವ ಕಳ್ಳನೂ ಇಲ್ಲ ಅಪ್ಪ. ನಾವೇ ಇರೋದು."

"ಭದ್ರಕೋಣೆ ಎದುರಿಗೂ ನಾವೇ ಇರ್ತಿದ್ದೆವು" ಎಂದರು ಅಪ್ಪ.

ಇನ್ನೊಂದು ಕೆಂಪು ದೀಪದ ನಂತರ ನಾನು ಲ್ಯಾಪ್‌ಟಾಪಿಗೆ ಅಡ್ಡವಾಗಿ ನಿಂತೆ. ಒಂಬತ್ತು ಸಲ ಆಯಿತು, ಉಳಿದಿರುವುದು ಒಂದೇ ಸಲ ಎಂದೆ. ಅಮ್ಮ ಕೂಡಲೇ ಕೈಚಾಚಿ ತಂತಿ ಕಿತ್ತು, ಹಾರ್ಡ್ ಡಿಸ್ಕನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಸ್ಟೂಲಿನ ಮೇಲೆ ಕೂತು ಅದರ ಮೇಲೆ ಎರಡೂ ಅಂಗೈ ಇಟ್ಟಳು.

"ಬಿಡಿ ಇವತ್ತಿಗೆ. ಊಟ ಮಾಡೋಣ. ನಾಳೆಯೋ ನಾಡಿದ್ದೋ, ನಿಮಗೆ ನೆನಪಾಗುತ್ತೆ. ಕಂಪನಿಯವರಿಗೆ ಹೇಳಿ ಇನ್ನೊಂದು ವಾರ ಮುಂದೆ ಹಾಕಿಸಿಕೊಳ್ಳೋಣ. ನೆನಪು ಬರೋವರೆಗೂ ಇದು ಹೀಗೇ ಇರಲಿ."

ಅವಳು ಮೆತ್ತಗೇ ಹೇಳಿದ್ದು. ಇಷ್ಟು ವರ್ಷ ಅಪ್ಪನ ಜೊತೆ ಬಾಳಿದವಳಿಗೆ ಯಾವ ಮಾತನ್ನು ಹತ್ತಿಯಲ್ಲಿ ಸುತ್ತಿ ಕೊಡಬೇಕೆಂದು ಗೊತ್ತು. ಆದರೆ ನೆನಪು ಎನ್ನುವ ಮಾತನ್ನು ಎರಡು ಸಲ ಆಡಿಬಿಟ್ಟಿದ್ದಳು.

"ನನಗೆ ನೆನಪಿಲ್ಲ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ."

"ಸಾವಿರ ಜನರ ಗಂಟು ಕಾದವನು ನಾನು. ಒಂದು ದಿನ, ಒಂದೇ ಒಂದು ದಿನ ಬಾಗಿಲು ತೆಗೆಯೋದು ತಡ ಆಗಿದ್ದಿಲ್ಲ. ನೀನು ಮಾಡಿದ ಮಕ್ಕಳಾಟಿಕೆ ಇದು. ಎರಡು ನಾಲ್ಕು ಆರು ಎಂಟು. ಅದೇನು ನಂಬರಾ? ನೀನು ಗುಂಡಿ ಮೇಲೆ ಬೆರಳು ಎಳೀತೀಯ, ಒತ್ತಲ್ಲ, ಅದಕ್ಕೇ ತಪ್ಪಾಗ್ತಾ ಇರೋದು. ಕೊಡು ಇಲ್ಲಿ."

"ಕೊಡಲ್ಲ."

ಅಪ್ಪ ಕೈ ಎತ್ತಿ ಹೊಡೆದವರಲ್ಲ, ಧ್ವನಿ ಎತ್ತಿದ್ದೂ ಕಡಿಮೆ. ಬಗ್ಗಿ, ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಾರ್ಡ್ ಡಿಸ್ಕನ್ನು ತೆಗೆದುಕೊಂಡರು, ನಿದ್ದೆ ಹೋದ ಮಗುವಿನ ಕೈಯಿಂದ ಆಟಿಕೆ ತೆಗೆಯುವಷ್ಟು ನಯವಾಗಿ. ನಾನು "ಅಪ್ಪ, ಬೇಡ" ಎಂದು ಅವರ ತೋಳು ಹಿಡಿದೆ. ತೋಳು ಬಿಡಿಸಿಕೊಂಡು ತಂತಿ ಸಿಕ್ಕಿಸಿದರು. ನಮ್ಮನ್ನು ಅಡುಗೆಮನೆಗೆ ಕಳಿಸಲಿಲ್ಲ. ಗೋಡೆಗೆ ತಿರುಗಿ ಎನ್ನಲಿಲ್ಲ. ಅಮ್ಮನ ನಾಲ್ಕನ್ನೂ ತಾವೇ ಒತ್ತಿದರು, ಗಟ್ಟಿಯಾಗಿ ಹೇಳುತ್ತ ಒತ್ತಿದರು. ಆಮೇಲೆ ಒಂದು ಕೈಯನ್ನು ಗುಂಡಿಗಳಿಗೆ ಮರೆಮಾಡಿ ತಮ್ಮ ನಾಲ್ಕನ್ನು ಒತ್ತಿದರು. ಬದುಕಿನಲ್ಲಿ ಮೊದಲ ಸಲ ಅವರು ಎರಡು ಕೀಲಿಯನ್ನೂ ಒಬ್ಬರೇ ತಿರುಗಿಸಿದ್ದು.

ಕೆಂಪು ದೀಪ ಮಿಟುಕಿತು, ನಿಂತಿತು. ಬಳಿಕ ನೀಲಿಯಾಗಿ ಹತ್ತಿಕೊಂಡಿತು.

"ನೋಡಿದ್ರಾ" ಎಂದರು ಅಪ್ಪ. "ಬಣ್ಣ ಬದಲಾಯ್ತು."

ಅಂಗಡಿಯಿಂದ ತಂದ ದಿನ, ಇನ್ನೂ ಯಾವ ನಂಬರೂ ಇಡದಿದ್ದಾಗ, ಅದು ಹೀಗೇ ನೀಲಿಯಾಗಿತ್ತು. ಅಮ್ಮ ನನ್ನ ಮುಖ ನೋಡಿ ತಿಳಿದುಕೊಂಡಳು. ಅವಳು ಅಳಲಿಲ್ಲ. ಎದ್ದು ಹೋಗಿ ಒಲೆ ಹಚ್ಚಿ, ಬಿಸಿ ಮಾಡಬೇಕಾದದ್ದನ್ನು ಬಿಸಿ ಮಾಡಲು ಇಟ್ಟಳು. ನಾನು ಅಂಗಡಿಯವನಿಗೆ ಫೋನು ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, ನಿಟ್ಟುಸಿರು ಬಿಟ್ಟು, "ತಂಗಿ, ಅದು ಹಾಗೆ ಮಾಡುತ್ತೆ ಅಂತಾನೇ ಅಲ್ವಾ ನಿಮ್ಮ ತಂದೆಯವರು ಅದನ್ನ ಆರಿಸಿದ್ದು" ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ.

"ಏನಂತೆ?" ಎಂದು ಅಪ್ಪ ಕೇಳಿದರು.

"ಖಾಲಿಯಂತೆ."

ಅಪ್ಪ ಡಿಸ್ಕನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಯಂತ್ರಕ್ಕೇನೂ ಆಗಿಲ್ಲ. ಗಟ್ಟಿ ಮಾಲು" ಎಂದರು. ಆಮೇಲೆ ಅಂಗಿಯ ತುದಿಯಿಂದ ಅದರ ಗುಂಡಿಗಳನ್ನು ಒರೆಸುತ್ತ ಕೂತರು. ಊಟಕ್ಕೆ ಕರೆದಾಗ ಬಂದರು, ತಟ್ಟೆಯಲ್ಲಿದ್ದದ್ದನ್ನು ಉಂಡರು. ತಪ್ಪಾಯಿತು ಎಂಬ ಮಾತು ಆ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಕಂಪನಿಗೆ ಅಮ್ಮನ ಜೊತೆ ನಾನೂ ಹೋದೆ. ಬಟ್ಟೆ ಅಂಗಡಿಗಳಲ್ಲೂ ವಿಚಾರಿಸಿದ್ದೆವು, ಹೊಲಿದಾದ ಮೇಲೆ ಫೈಲು ಉಳಿಸಿಕೊಂಡವರು ಯಾರೂ ಇರಲಿಲ್ಲ. ಫೈಲುಗಳ ಬದಲು ಅವಳು ಬಟ್ಟೆಯ ತುಂಡುಗಳನ್ನು ಒಯ್ದಿದ್ದಳು. ಒಂದೊಂದು ಡಿಸೈನನ್ನೂ ಅಂಗಡಿಯವರು ಮೊದಲು ಹೊಲಿದು ನೋಡಿದ ಅಂಗೈಯಗಲದ ತುಂಡುಗಳು, ಇಸ್ತ್ರಿ ಮಾಡಿ ಬಿಳಿಯ ಹಾಳೆಗಳ ನಡುವೆ ಇಟ್ಟಿದ್ದಳು. ಎಲ್ಲವೂ ಇರಲಿಲ್ಲ, ಅರ್ಧಕ್ಕೂ ಕಡಿಮೆ. ಮೇಡಂ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. "ಎಷ್ಟು ನಾಜೂಕು" ಎಂದರು. ನಿಜವಾಗಿಯೂ ಮೆಚ್ಚಿಯೇ ಹೇಳಿದರು.

"ಫೈಲು?"

"ಕಂಪ್ಯೂಟರು ಕೆಟ್ಟುಹೋಯ್ತು ಮೇಡಂ."

"ಬ್ಯಾಕಪ್ ಇರುತ್ತಲ್ಲ?"

ಅಮ್ಮ ನನ್ನ ಕಡೆ ನೋಡದೆ, "ಅದೂ ಕೆಟ್ಟುಹೋಯ್ತು" ಎಂದಳು.

ಮೇಡಂ ತುಂಡುಗಳನ್ನು ಅಂಚು ಕೂಡಿಸಿ ಜೋಡಿಸಿದರು. "ತಪ್ಪು ತಿಳೀಬೇಡಿ. ಫೈಲೇ ಇಲ್ಲ ಅಂದ್ರೆ ಇದು ನೀವೇ ಬರೆದಿದ್ದು ಅಂತ ನಾನು ಮೇಲಿನವರಿಗೆ ಹೇಗೆ ತೋರಿಸಲಿ? ಬಟ್ಟೆ ಎಲ್ಲಿ ಬೇಕಾದ್ರೂ ಸಿಗುತ್ತೆ."

"ಕಂಪ್ಯೂಟರು ಕೊಡಿ, ಇಲ್ಲೇ ಕೂತು ಬರೆದು ತೋರಿಸ್ತೀನಿ."

"ಹಾಗೆ ಮಾಡೋ ಕ್ರಮ ಇಲ್ಲಮ್ಮ ಇಲ್ಲಿ" ಎಂದರು ಮೇಡಂ. ಅವರಿಗೂ ಒಂದು ಕ್ರಮವಿತ್ತು. ಸ್ವಲ್ಪ ಹೊತ್ತು ಬಿಟ್ಟು, ಹೊಲಿಗೆ ಮುಗಿದ ಬಟ್ಟೆಯಲ್ಲಿ ತಪ್ಪು ಹುಡುಕುವ ಮೇಜಿನಲ್ಲಿ ಒಂದು ಜಾಗ ಖಾಲಿಯಿದೆ, ನಿಮ್ಮ ಕಣ್ಣು ಚುರುಕಾಗಿದೆ, ಬೇಕಿದ್ದರೆ ಬನ್ನಿ ಎಂದರು. ಈ ತುಂಡುಗಳನ್ನು ನಮ್ಮ ಹುಡುಗರಿಗೊಮ್ಮೆ ತೋರಿಸಲಾ ಎಂದೂ ಕೇಳಿದರು. ಅಮ್ಮ ಎರಡಕ್ಕೂ ಆಗಲಿ ಎಂದಳು. ಪಕ್ಕದ ಕೋಣೆಯ ಗಾಜಿನಾಚೆ ಡಿಸೈನ್ ವಿಭಾಗದ ಒಬ್ಬ ಒಂದೊಂದು ತುಂಡಿನ ಮೇಲೂ ಫೋನು ಹಿಡಿದು ಫೋಟೋ ತೆಗೆಯುತ್ತಿದ್ದುದು ನಮ್ಮಿಬ್ಬರಿಗೂ ಕಾಣುತ್ತಿತ್ತು.

ಬಸ್ಸಿನಲ್ಲಿ ನಾನು ಕೇಳಿದೆ. "ಯಾಕಮ್ಮ ಒಪ್ಪಿಕೊಂಡೆ? ಅದಕ್ಕೆ ನಿಂತುಕೊಂಡೇ ಇರಬೇಕಂತೆ ಇಡೀ ದಿನ."

"ಮನೇಲಿ ಕೂತು ಏನು ಬರೀಲಿ? ಬರೆದಿದ್ದನ್ನ ಎಲ್ಲಿ ಇಡಲಿ?" ಎಂದಳು. ಕಿಟಕಿಯ ಗಾಜನ್ನು ಸರಿಸಲು ನೋಡಿದಳು, ಅದು ಬರಲಿಲ್ಲ. "ನಿಮ್ಮಪ್ಪನ ಮುಖ ದಿನವಿಡೀ ನೋಡಿಕೊಂಡು ಇರೋದಕ್ಕಿಂತ ಬಟ್ಟೆ ನೋಡ್ತೀನಿ, ಬಿಡು."

ಅಪ್ಪ ಕೇರಿಯಲ್ಲಿ ಎಲ್ಲರಿಗೂ ನಮ್ಮ ಮನೆಯವಳು ಕಂಪನಿಯಲ್ಲಿ ಡಿಸೈನ್ ವಿಭಾಗಕ್ಕೆ ಸೇರಿದ್ದಾಳೆ ಎಂದು ಹೇಳಿದರು. ಅಮ್ಮನ ಎದುರೇ ಹೇಳಿದರು. ಅವಳು ಅಲ್ಲವೆನ್ನಲಿಲ್ಲ. ಸಂಜೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ, ಮೂವರೂ ಊಟಕ್ಕೆ ಕೂತಿದ್ದಾಗ ಅಮ್ಮ ಅನ್ನ ಕಲೆಸುತ್ತ ಹೇಳಿದಳು: "ಇವತ್ತು ನನ್ನ ಬಳ್ಳಿ ಬಂತು ಮೇಜಿಗೆ."

"ಯಾವ ಬಳ್ಳಿ?" ಎಂದೆ.

"ಮೂರು ಎಲೆ, ಒಂದು ಮೊಗ್ಗು, ತುದೀಲಿ ಸುರುಳಿ. ಅವತ್ತು ಫೋಟೋ ತೆಗೆದನಲ್ಲ, ಆ ಹುಡುಗ ಅದನ್ನ ನೋಡಿಕೊಂಡು ಬರೆದಿದ್ದಾನೆ. ಆಕಾರ ಎಲ್ಲ ನನ್ನದೇ. ಹೊಲಿಗೆ ಮಾತ್ರ ಅಡ್ಡಡ್ಡ ಹಾಕಿದ್ದಾನೆ. ಬಟ್ಟೆ ಸುಕ್ಕಾಗಿ ಎದ್ದು ನಿಂತಿದೆ, ಸುಟ್ಟ ಗಾಯದ ಹಾಗೆ."

"ಏನು ಮಾಡಿದೆ?"

"ವಾಪಸ್ ಕಳಿಸಿದೆ. ಇಡೀ ಕಟ್ಟು."

"ಎಲೆ ಹೇಗೆ ಹಾಕಬೇಕು ಅಂತ ಹೇಳಲಿಲ್ವಾ ಅವನಿಗೆ?"

"ಅದು ನನ್ನ ಕೆಲಸ ಅಲ್ಲ" ಎಂದಳು ಅಮ್ಮ. "ನಾಳೆ ಇನ್ನೊಂದು ಥರ ಬರೆದು ಕಳಿಸ್ತಾನೆ. ಅದೂ ಸರಿ ಇರಲ್ಲ. ಅದನ್ನೂ ವಾಪಸ್ ಕಳಿಸ್ತೀನಿ."

ಅಪ್ಪ ಇಷ್ಟು ಹೊತ್ತೂ ತಟ್ಟೆಯನ್ನೇ ನೋಡುತ್ತಿದ್ದವರು ಈಗ ತಲೆಯೆತ್ತಿದರು. ಮಾತು ಸೇರಿಕೊಳ್ಳಲು ಒಂದು ಜಾಗ ಸಿಕ್ಕಿತೆಂಬಂತೆ ಅವರ ಮುಖ ಸ್ವಲ್ಪ ಅರಳಿತ್ತು.

"ಸರಿಯಾಗಿ ಮಾಡಿದೆ" ಎಂದರು. "ತಪ್ಪಿದ್ದರೆ ವಾಪಸ್ ಕಳಿಸಲೇಬೇಕು. ಯಾರದ್ದೇ ಆಗಿರಲಿ. ನಿಯಮ ಅಂದ್ರೆ ನಿಯಮ."

ಅಮ್ಮ ಕಲೆಸುವುದನ್ನು ನಿಲ್ಲಿಸಿ ಅವರನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅಪ್ಪ ಆ ನೋಟವನ್ನು ಮೆಚ್ಚುಗೆಯೆಂದೇ ತಿಳಿದರೋ ಏನೋ, ಸಣ್ಣಗೆ ನಕ್ಕರು.

"ಹೌದು" ಎಂದಳು ಅಮ್ಮ. ಆಮೇಲೆ ನನಗೆ ಇನ್ನೊಂದು ಸೌಟು ಅನ್ನ ಬಡಿಸಿದಳು, ತನಗೂ ಬಡಿಸಿಕೊಂಡಳು, ಪಾತ್ರೆಯ ಮುಚ್ಚಳ ಮುಚ್ಚಿದಳು.